ಐಬಿಎಂ ಮಾಡೆಲ್ ಎಂ ಕೀಲಿಮಣೆಗೆ ಕಳೆದುಹೋದ ಕೀಲಿಗಳನ್ನು ಎಲ್ಲಿಂದ ತರಿಸಬಹುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕಚೇರಿಯೊಂದರ ಹಳೆಯ ಸಾಮಾನುಗಳ ಹರಾಜಿನಲ್ಲಿ ನನಗೆ ಐಬಿಎಂ ಕಂಪನಿಯ ಮಾಡೆಲ್ ಎಂ ಕೀಲಿಮಣೆಯೊಂದು ಸಿಕ್ಕಿದೆ. ಹಿಂಬದಿಯ ಚೀಟಿಯಲ್ಲಿ 1391401 ಎಂಬ ಭಾಗ ಸಂಖ್ಯೆಯೂ 1989ರ ತಾರೀಖೂ ಸ್ಪಷ್ಟವಾಗಿವೆ. ಎರಡು ಕಿಲೋಗೂ ಮಿಗಿಲಾದ ತೂಕದ ಈ ಮಣೆಯನ್ನು ಪಿಎಸ್/2 ಎಂಬ ಹಳೆಯ ದುಂಡು ಕಿಂಡಿಯಿರುವ ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಇರುವ ಕೀಲಿಗಳೆಲ್ಲವೂ ಕೆಲಸ ಮಾಡುತ್ತಿವೆ. ತೊಂದರೆ ಏನೆಂದರೆ ಜೆ, ಎಫ್7, ಎಂಟರ್ ಮತ್ತು ಬಲಬದಿಯ ಶಿಫ್ಟ್ ಕೀಲಿಗಳು ಇಲ್ಲ.

ಊರಿನ ಕಂಪ್ಯೂಟರ್ ಅಂಗಡಿಯವರು ಟಿವಿಎಸ್ ಗೋಲ್ಡ್ ಕೀಬೋರ್ಡಿನ ಕೀಲಿಗಳನ್ನು ಕಿತ್ತು ಹಾಕಿಕೊಳ್ಳುವಂತೆ ಸಲಹೆ ನೀಡಿದರು. ಅದರ ಕೀಲಿಯ ತಳದಲ್ಲಿ ಕೂಡಿಸುವ ಚಿಹ್ನೆಯ ಆಕಾರದ ತೂತು ಇದೆ. ನನ್ನ ಮಣೆಯಲ್ಲಿ ಅದು ಕೂರಬಹುದಾದ ಜಾಗವೇ ಇಲ್ಲ. ಹೊಸ ಕೀಲಿಗಳು ಎಲ್ಲಾದರೂ ಸಿಗುತ್ತವೆಯೇ, ಅಥವಾ ಇನ್ನೊಂದು ಹಳೆಯ ಮಣೆಯನ್ನೇ ಹುಡುಕಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ನಿವೃತ್ತ_ಸರ್ವಿಸ್_ಇಂಜಿನಿಯರ್:

ತುಂಗಾತೀರ ಅವರೇ, ಅಂಗಡಿಯವರ ಸಲಹೆಯನ್ನು ಪಕ್ಕಕ್ಕಿಡಿ. ಟಿವಿಎಸ್ ಗೋಲ್ಡ್ ಚೆರ್ರಿ ಎಂಎಕ್ಸ್ ಮಾದರಿಯ ಸ್ವಿಚ್ಚುಗಳ ಮೇಲೆ ನಿಂತ ಕೀಲಿಮಣೆ. ಅದರಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಬಿಡಿ ಸ್ವಿಚ್ ಇರುತ್ತದೆ. ಮಾಡೆಲ್ ಎಂನಲ್ಲಿ ಬಿಡಿ ಸ್ವಿಚ್ಚು ಎಂಬುದೇ ಇಲ್ಲ. ಅಲ್ಲಿ ಕೀಲಿಯನ್ನು ಒತ್ತಿದಾಗ ಅದರ ಒಳಗಿರುವ ಸುರುಳಿ ಸ್ಪ್ರಿಂಗ್ ಮೊದಲು ಕುಗ್ಗುತ್ತದೆ, ಒಂದು ಹಂತ ದಾಟಿದೊಡನೆ ಪಕ್ಕಕ್ಕೆ ಬಾಗಿ ಬುಡದಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ವಾಲಿಸುತ್ತದೆ, ಆ ತುಂಡು ಕೆಳಗಿನ ಮೆಂಬ್ರೇನ್ ಹಾಳೆಯನ್ನು (ವಿದ್ಯುತ್ ಸಂಪರ್ಕದ ಗೆರೆಗಳಿರುವ ತೆಳು ಪ್ಲಾಸ್ಟಿಕ್ ಹಾಳೆ) ಒತ್ತಿದಾಗ ಅಕ್ಷರ ಮೂಡುತ್ತದೆ. ನೀವು ಕೇಳುವ ಟಕ್ ಎಂಬ ಸದ್ದು ಅದೇ ಕ್ಷಣದ್ದು. ಸ್ಪ್ರಿಂಗ್ ಬಾಗುವುದನ್ನೇ ಸ್ವಿಚ್ಚಾಗಿಸುವ ಈ ಉಪಾಯಕ್ಕೆ ರಿಚರ್ಡ್ ಹ್ಯಾರಿಸ್ ಅವರ ಹೆಸರಿನಲ್ಲಿ 1978ರಷ್ಟು ಹಿಂದೆಯೇ ಅಮೆರಿಕದ ಪೇಟೆಂಟ್ ದೊರೆತಿತ್ತು.

ಕೀಲಿ ಹುಡುಕುವ ಮೊದಲು ಏನು ಕಳೆದಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊರಗಿನಿಂದ ಒಂದೇ ಕೀಲಿಯಂತೆ ಕಾಣುವುದು ನಿಮ್ಮ ಮಾದರಿಯಲ್ಲಿ ಬಹುಪಾಲು ಎರಡು ತುಂಡುಗಳು. ಮೇಲೆ ಅಕ್ಷರವಿರುವ ಕ್ಯಾಪ್, ಅದರ ಕೆಳಗೆ ಕೊಳವೆಯೊಳಗೆ ಏರಿಳಿಯುವ ಸ್ಟೆಮ್. ಕ್ಯಾಪ್ ಮಾತ್ರ ಬಿದ್ದುಹೋಗಿದ್ದರೆ ಅಲ್ಲಿ ಅಕ್ಷರವಿಲ್ಲದ ಬೋಳು ಸ್ಟೆಮ್ ಎದ್ದು ನಿಂತಿರುತ್ತದೆ, ಅದನ್ನು ಒತ್ತಿದರೆ ಅಕ್ಷರವೂ ಮೂಡುತ್ತದೆ. ಎರಡೂ ಇಲ್ಲದಿದ್ದರೆ ಕೊಳವೆಯೊಳಗೆ ಬರಿಯ ಸ್ಪ್ರಿಂಗ್ ಕಾಣಿಸುತ್ತದೆ. ಸ್ಪೇಸ್ ಬಾರ್‌ನಂತಹ ದೊಡ್ಡ ಕೀಲಿಗಳು ಮಾತ್ರ ಒಂದೇ ತುಂಡಿನವು. ನಾಲ್ಕೂ ಜಾಗಗಳಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಟಾರ್ಚ್ ಹಿಡಿದು ನೋಡಿ ಬರೆಯಿರಿ. ಸ್ಪ್ರಿಂಗ್ ನೆಟ್ಟಗಿದೆಯೇ, ಮುರುಟಿದೆಯೇ ಎಂಬುದನ್ನೂ ತಿಳಿಸಿ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಮೇಕರ್_ಧಾರವಾಡ:

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ನನಗೆ ಅನ್ನಿಸುತ್ತದೆ. ಮಾಡೆಲ್ ಎಂ ಕೀಲಿಯ ಅಳತೆಗಳನ್ನು ಹವ್ಯಾಸಿಗಳು ಈಗಾಗಲೇ ತೆಗೆದು ಕಂಪ್ಯೂಟರ್ ವಿನ್ಯಾಸಗಳಾಗಿ ಹಂಚಿದ್ದಾರೆ. ರೆಸಿನ್ ಬಳಸುವ ತ್ರೀಡಿ ಪ್ರಿಂಟರ್ ಈಗ ಹಲವು ಊರುಗಳಲ್ಲಿ ಇದೆ, ಅದರಲ್ಲಿ ಪದರದ ದಪ್ಪ 0.05 ಮಿಲಿಮೀಟರಿಗೆ ಇಳಿಯುತ್ತದೆ. ನಾಲ್ಕು ಕೀಲಿಗಳನ್ನು ಒಂದೇ ಸಂಜೆಯಲ್ಲಿ ಮುದ್ರಿಸಿ ಕೊಡಬಹುದು.

ತುಂಗಾತೀರ:

ಸರ್, ತಾವು ಹೇಳಿದಂತೆ ನೋಡಿದೆ. ಜೆ ಮತ್ತು ಎಫ್7 ಜಾಗಗಳಲ್ಲಿ ಬೋಳು ಸ್ಟೆಮ್‌ಗಳು ಹಾಗೆಯೇ ಇವೆ, ಬೆರಳಿನಿಂದ ಒತ್ತಿದರೆ ಎರಡೂ ಕೆಲಸ ಮಾಡುತ್ತವೆ. ಎಂಟರ್ ಜಾಗದಲ್ಲಿ ಸ್ಪ್ರಿಂಗ್ ಮಾತ್ರ ಇದೆ, ನೆಟ್ಟಗಿದೆ. ಶಿಫ್ಟ್ ಜಾಗದಲ್ಲಿಯೂ ಸ್ಪ್ರಿಂಗ್ ಇದೆ, ಆದರೆ ಅದರ ತುದಿ ಒಂದು ಬದಿಗೆ ಬಾಗಿಕೊಂಡಿದೆ. ಮೇಕರ್ ಅವರ ಸಲಹೆಗೆ ಧನ್ಯವಾದಗಳು. ಮುದ್ರಿಸಿದ ಕೀಲಿ ದಿನನಿತ್ಯದ ಟೈಪಿಂಗ್‌ಗೆ ತಡೆಯುತ್ತದೆಯೇ?

ಪೀಣ್ಯ_ಮೋಲ್ಡರ್:

ಪ್ಲಾಸ್ಟಿಕ್ ಮೋಲ್ಡಿಂಗ್ ನನ್ನ ಹೊಟ್ಟೆಪಾಡಿನ ಕಸುಬಾಗಿರುವುದರಿಂದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮಾಡೆಲ್ ಎಂ ಕೀಲಿಗಳು ಪಿಬಿಟಿ ಎಂಬ ಪ್ಲಾಸ್ಟಿಕ್ಕಿನವು. ಅಗ್ಗದ ಕೀಬೋರ್ಡುಗಳ ಕೀಲಿಗಳು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು. ಬೆರಳು ತಾಗಿ ತಾಗಿ ಅವುಗಳ ಮೇಲ್ಮೈ ನುಣುಪಾಗಿ ಹೊಳೆಯತೊಡಗುತ್ತದೆ, ಬಿಸಿಲಿಗೆ ಬಣ್ಣ ಹಳದಿಯಾಗುತ್ತದೆ. ಪಿಬಿಟಿಗೆ ಈ ಎರಡು ಕಾಯಿಲೆಗಳೂ ಬಹಳ ಕಡಿಮೆ. ಮೂವತ್ತೈದು ವರ್ಷ ದಾಟಿದ ಕೀಲಿಯೂ ಮುಟ್ಟಿದರೆ ಇನ್ನೂ ಸಣ್ಣಗೆ ತರಿತರಿಯಾಗಿರುವುದು ಇದೇ ಕಾರಣಕ್ಕೆ. ಅಕ್ಷರಗಳನ್ನು ಕೂಡ ಮೇಲೆ ಬಳಿದಿಲ್ಲ. ಬಣ್ಣವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆವಿಯಾಗಿಸಿ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿಸುತ್ತಾರೆ. ಎಬಿಎಸ್ ಸುಮಾರು 105 ಡಿಗ್ರಿಯಲ್ಲಿಯೇ ಮೆತ್ತಗಾಗುವುದರಿಂದ ಅದಕ್ಕೆ ಈ ಉಪಚಾರ ಆಗಿಬರುವುದಿಲ್ಲ. 220 ಡಿಗ್ರಿಯ ಆಸುಪಾಸಿನವರೆಗೆ ಕರಗದ ಪಿಬಿಟಿ ಅದನ್ನು ತಡೆದುಕೊಳ್ಳುತ್ತದೆ. ಹೀಗಾಗಿ ಅಕ್ಷರ ಅಳಿಯಬೇಕಾದರೆ ಕೀಲಿಯೇ ಸವೆಯಬೇಕು.

ಈಗ ಮುದ್ರಣದ ವಿಷಯ. ರೆಸಿನ್ ಮುದ್ರಣದ ಕೀಲಿ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಸಾಮಾನ್ಯ ರೆಸಿನ್ ಗಡುಸು ಹೆಚ್ಚಿ ಪೆಡಸಾಗುತ್ತದೆ, ದಿನವೂ ಬಡಿತ ತಿನ್ನುವ ಕಾಲು ಬುಡದಲ್ಲಿ ಮುರಿಯುತ್ತದೆ. ಗಟ್ಟಿತನಕ್ಕೆಂದೇ ಬರುವ ರೆಸಿನ್‌ಗಳನ್ನು ಬಳಸಬಹುದು, ನೈಲಾನ್ ಪುಡಿಯಲ್ಲಿ ಮುದ್ರಿಸಿದರೆ ಇನ್ನೂ ಒಳ್ಳೆಯದು. ಆಗಲೂ ಎರಡು ಕೊರತೆಗಳು ಉಳಿಯುತ್ತವೆ. ಒಂದು, ಕೊಳವೆಗೂ ಸ್ಟೆಮ್ಮಿಗೂ ನಡುವಿನ ಸಡಿಲು ಬಹಳ ಕಡಿಮೆ. ಮುದ್ರಿತ ಮೇಲ್ಮೈಯ ಪದರಗಳು ಕೊಳವೆಯ ಗೋಡೆಗೆ ಉಜ್ಜಿ ಕೀಲಿ ತಡೆದು ತಡೆದು ಇಳಿಯುತ್ತದೆ. ಎರಡು, ಅಕ್ಷರವನ್ನು ಮೇಲೆ ಅಂಟಿಸಬೇಕಾಗುತ್ತದೆ ಅಥವಾ ಕೆತ್ತಿ ಬಣ್ಣ ತುಂಬಬೇಕಾಗುತ್ತದೆ. ಎಫ್7ರ ಕ್ಯಾಪ್ ಒಂದನ್ನು ಮುದ್ರಿಸಿಕೊಂಡರೆ ನನ್ನ ಅಡ್ಡಿಯಿಲ್ಲ, ಏಕೆಂದರೆ ಅದು ಬೋಳು ಸ್ಟೆಮ್ಮಿನ ಮೇಲೆ ಸುಮ್ಮನೆ ಕೂರುವ ತುಂಡು. ಎಂಟರ್ ಮತ್ತು ಶಿಫ್ಟ್‌ಗಳನ್ನು ಮಾತ್ರ ಮುದ್ರಿಸಬೇಡಿ.

ಹೊಸದಾಗಿ ಡೈ (ಲೋಹದ ಅಚ್ಚು) ಮಾಡಿಸಿ ಪಿಬಿಟಿಯಲ್ಲೇ ಅಚ್ಚು ಹಾಕಿಸಬಹುದಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಡೈ ಎಂದರೆ ಲಕ್ಷಗಳ ಮಾತು. ಅದಲ್ಲದೆ ಪಿಬಿಟಿ ಆರುವಾಗ ಶೇಕಡಾ ಒಂದೂವರೆಯಿಂದ ಎರಡರಷ್ಟು ಕುಗ್ಗುತ್ತದೆ, ಎಬಿಎಸ್ ಕುಗ್ಗುವುದು ಶೇಕಡಾ ಅರ್ಧದ ಆಸುಪಾಸಿನಲ್ಲಿ ಮಾತ್ರ. ಉದ್ದವಾದ ತುಂಡು ಈ ಕುಗ್ಗುವಿಕೆಯಲ್ಲಿ ಬಾಳೆಕಾಯಿಯಂತೆ ಬಾಗುತ್ತದೆ. ಪಿಬಿಟಿ ಸ್ಪೇಸ್ ಬಾರ್ ಮಾಡುವುದು ಕೀಲಿ ತಯಾರಕರಿಗೆ ಇಂದಿಗೂ ತಲೆನೋವಿನ ಕೆಲಸ. ನಾಲ್ಕು ಕೀಲಿಗಳಿಗಾಗಿ ಈ ಸಾಹಸಕ್ಕೆ ಯಾರೂ ಇಳಿಯಬಾರದು.

ಮೇಕರ್_ಧಾರವಾಡ:

ಎಂಟರ್, ಶಿಫ್ಟ್‌ಗಳ ವಿಷಯದಲ್ಲಿ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಇರುವ ಒಂದು ಕ್ಯಾಪ್‌ನಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು ಪಾಲಿಯುರೆಥೇನ್ ರೆಸಿನ್ ಎರೆದರೆ ಪದರಗಳ ತೊಂದರೆಯೂ ಇರುವುದಿಲ್ಲ, ಮೇಲ್ಮೈಯ ತರಿಯೂ ಹಾಗೆಯೇ ಮೂಡುತ್ತದೆ. ಬೋಳು ಕ್ಯಾಪ್ ಸಾಕು ಎನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿ ಕಾಣುವುದಿಲ್ಲ.

ಸಿನ್ಸಿನಾಟಿ_ಕನ್ನಡಿಗ:

ಚರ್ಚೆ ಮುದ್ರಣದ ಕಡೆಗೆ ಹೊರಳಿದೆ, ಆದರೆ ತುಂಗಾತೀರ ಅವರು ಕೇಳಿದ ಮೊದಲ ಪ್ರಶ್ನೆಗೆ ನೇರವಾದ ಉತ್ತರವಿದೆ. ಈ ಕೀಲಿಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ಐಬಿಎಂ ಈ ಮಣೆಗಳನ್ನು ಅಮೆರಿಕದಲ್ಲಿ ತಯಾರಿಸುತ್ತಿದ್ದುದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದಲ್ಲಿ. ಯುರೋಪಿಗೆ ಬೇಕಾದವು ಸ್ಕಾಟ್ಲೆಂಡಿನ ಗ್ರೀನಕ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1991ರಲ್ಲಿ ಐಬಿಎಂ ತನ್ನ ಟೈಪ್‌ರೈಟರ್, ಪ್ರಿಂಟರ್ ಮತ್ತು ಕೀಲಿಮಣೆಗಳ ವಿಭಾಗವನ್ನು ಮಾರಿತು, ಅದು ಲೆಕ್ಸ್‌ಮಾರ್ಕ್ ಎಂಬ ಬೇರೆ ಕಂಪನಿಯಾಯಿತು. 1996ರಲ್ಲಿ ಲೆಕ್ಸ್‌ಮಾರ್ಕ್ ಕೀಲಿಮಣೆಯ ವ್ಯವಹಾರದಿಂದ ಹೊರಬಂದಾಗ ಆ ಯಂತ್ರೋಪಕರಣಗಳನ್ನೂ ವಿನ್ಯಾಸದ ಹಕ್ಕನ್ನೂ ಯುನಿಕಾಂಪ್ ಎಂಬ ಸಂಸ್ಥೆ ಪಡೆದುಕೊಂಡಿತು. ಅದೂ ಲೆಕ್ಸಿಂಗ್ಟನ್ನಿನದೇ. ಇಡೀ ಕೀಲಿಮಣೆಗಳ ಜೊತೆಗೆ ಅವರು ಬಿಡಿ ಕೀಲಿಗಳನ್ನೂ ಪೂರ್ತಿ ಸೆಟ್ಟುಗಳನ್ನೂ ಮಾರುತ್ತಾರೆ. ಅಚ್ಚು ಹಾಕುವುದು ಪಿಬಿಟಿಯಲ್ಲೇ, ಅಕ್ಷರ ಇಳಿಸುವುದು ಅದೇ ಹಳೆಯ ಶಾಖದ ವಿಧಾನದಲ್ಲೇ. 1989ರ ಮಣೆಯ ಕೊಳವೆಗೆ ಈ ವರ್ಷದ ಕೀಲಿ ಸಲೀಸಾಗಿ ಕೂರುತ್ತದೆ. ಕಂಪ್ಯೂಟರಿನ ಬೇರಾವ ಬಿಡಿಭಾಗಕ್ಕೂ ಇಂತಹ ಭಾಗ್ಯ ಬಂದದ್ದನ್ನು ನಾನು ಕಂಡಿಲ್ಲ.

ಆದರೆ ಕೊಳ್ಳುವ ಮೊದಲು ಗಮನಿಸಬೇಕಾದ ಸಂಗತಿಗಳಿವೆ. ಹೊಸ ಕೀಲಿಯ ಬಿಳುಪು ಮತ್ತು ಬೂದು ಹಳೆಯವುಗಳಿಗೆ ಹತ್ತಿರವಿದ್ದರೂ ಪೂರಾ ಒಂದೇ ಅಲ್ಲ, ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ತಿಳಿಯುತ್ತದೆ. ಬೇಡಿಕೆ ಬರೆಯುವಾಗ ಎಫ್7 ಬೂದು ಬಣ್ಣದ್ದೆಂದು ಮರೆಯದೆ ತಿಳಿಸಿ, ಏಕೆಂದರೆ ಮಾಡೆಲ್ ಎಂನಲ್ಲಿ ಎಫ್5ರಿಂದ ಎಫ್8ರವರೆಗಿನ ನಾಲ್ಕು ಕೀಲಿಗಳು ಬೂದು, ಅವುಗಳ ಎರಡೂ ಬದಿಯ ನಾಲ್ಕು ನಾಲ್ಕು ಬಿಳಿ. ಜೆ ಕೀಲಿಯಲ್ಲಿ ತೋರುಬೆರಳಿಗೆ ತಾಗುವ ಉಬ್ಬು ಗುರುತು ಇದೆಯೇ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಿ. ನಿಮ್ಮದು ಅಮೆರಿಕದ 101 ಕೀಲಿಗಳ ವಿನ್ಯಾಸ, ಅದರಲ್ಲಿ ಎಂಟರ್ ಅಡ್ಡಲಾಗಿ ಎರಡೂಕಾಲು ಕೀಲಿಗಳಷ್ಟು ಅಗಲ, ಬಲ ಶಿಫ್ಟ್ ಎರಡೂ ಮುಕ್ಕಾಲು ಕೀಲಿಗಳಷ್ಟು ಅಗಲ ಇರುತ್ತವೆ. ಒಂದು ಕೀಲಿಯ ಅಗಲವೆಂದರೆ ನಡುವಿನಿಂದ ನಡುವಿಗೆ 19.05 ಮಿಲಿಮೀಟರ್. ಯುರೋಪಿನ 102 ಕೀಲಿಗಳ ವಿನ್ಯಾಸದಲ್ಲಿ ಎಂಟರ್ ಎರಡು ಸಾಲುಗಳಲ್ಲಿ ನಿಲ್ಲುತ್ತದೆ, ಅದು ನಿಮಗೆ ಬೇಡ.

ಭಾರತಕ್ಕೆ ನೇರವಾಗಿ ತರಿಸಿದರೆ ಸಾಗಣೆಯ ಖರ್ಚೇ ಕೀಲಿಗಳ ಬೆಲೆಯನ್ನು ಮೀರುತ್ತದೆ. ಉಡುಗೊರೆಯೆಂದು ಬರೆದು ಕಳುಹಿಸಿದರೆ ಸುಂಕವಿರುವುದಿಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಹಲವರಲ್ಲಿದೆ. ಆ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಲಾಗಿದೆ. ನಾಲ್ಕು ಕೀಲಿಗಳು ಶರ್ಟಿನ ಜೇಬಿನಲ್ಲಿ ಹಿಡಿಸುವ ವಸ್ತುವಾದ್ದರಿಂದ ಊರಿಗೆ ಬರುವವರ ಕೈಯಲ್ಲಿ ಕಳುಹಿಸುವುದೇ ಜಾಣತನ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೊರಡುವವರು ಇದ್ದೇ ಇರುತ್ತಾರೆ. ತಾವು ಬಯಸಿದರೆ ನನ್ನ ವಿಳಾಸಕ್ಕೆ ತರಿಸಿಕೊಂಡು ಅವರ ಕೈಗೆ ಕೊಡುತ್ತೇನೆ. ಲೆಕ್ಸಿಂಗ್ಟನ್ ನಮಗೆ ಒಂದೂವರೆ ಗಂಟೆಯ ದಾರಿ, ಪಾರ್ಸೆಲ್ ಬೇಗನೆ ತಲುಪುತ್ತದೆ.

ಮಂಗಳೂರು_ಟೈಪಿಸ್ಟ್:

ಅಮೆರಿಕದವರೆಗೆ ಹೋಗದೆಯೇ ಕೀಲಿ ಸಿಗುವ ಇನ್ನೊಂದು ಮೂಲವನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಐಬಿಎಂ 1984ರಲ್ಲಿ ಹೊರತಂದ ವೀಲ್‌ರೈಟರ್ ಎಂಬ ಎಲೆಕ್ಟ್ರಾನಿಕ್ ಟೈಪ್‌ರೈಟರಿನ ಕೀಲಿಮಣೆಯೂ ಇದೇ ಸ್ಪ್ರಿಂಗ್ ಪದ್ಧತಿಯದು, ಅದರ ಅಕ್ಷರದ ಕೀಲಿಗಳು ಮಾಡೆಲ್ ಎಂಗೆ ಹೊಂದುತ್ತವೆ. ಅಂತಹ ಯಂತ್ರವೊಂದರಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಅದರ ಸದ್ದನ್ನು ಕಿವಿಯೇ ಗುರುತಿಸುತ್ತದೆ. ಹಳೆಯ ಟೈಪಿಂಗ್ ಶಾಲೆಗಳ, ವಕೀಲರ ಕಚೇರಿಗಳ ಅಟ್ಟದ ಮೇಲೆ ಕೆಟ್ಟು ಕೂತಿರುವ ಇಂತಹ ಯಂತ್ರಗಳು ಇನ್ನೂ ಇರಬಹುದು. ಜೆ ಅಕ್ಷರಕ್ಕೆ ಅಲ್ಲಿ ಹುಡುಕಬಹುದು. ಎಫ್7 ಟೈಪ್‌ರೈಟರಿನಲ್ಲಿ ಇರುವುದಿಲ್ಲ, ಎಂಟರ್ ಬದಲಿಗೆ ಅಲ್ಲಿ ಬೇರೆ ಹೆಸರಿನ ಕೀಲಿ ಇರುತ್ತದೆ, ಕೆಲವು ಕೀಲಿಗಳ ಮುಂಬದಿಯಲ್ಲಿ ಟೈಪ್‌ರೈಟರಿನ ಸೂಚನೆಗಳೂ ಅಚ್ಚಾಗಿರುತ್ತವೆ ಎಂಬುದನ್ನು ನೆನಪಿಡಿ.

ನಿವೃತ್ತ_ಸರ್ವಿಸ್_ಇಂಜಿನಿಯರ್:

ಮಂಗಳೂರಿನವರು ಹೇಳಿದ ಮಾಹಿತಿ ಸರಿಯಾಗಿದೆ, ಆದರೆ ಒಂದು ಕೀಲಿಗಾಗಿ ನಡೆಯುವ ಯಂತ್ರವನ್ನು ಕೀಳುವುದನ್ನು ನಾನು ಒಪ್ಪಲಾರೆ. ಹೀಗೆ ಕಿತ್ತ ಯಂತ್ರಗಳು ಕೊನೆಗೆ ಗುಜರಿಗೇ ಹೋಗುತ್ತವೆ. ಕೀಲಿ ಕೀಳಲು ದಾನಿ ಮಣೆ ಬೇಕೇಬೇಕೆಂದಾದರೆ ಮೇನ್‌ಫ್ರೇಮ್ ಮತ್ತು ಎಎಸ್/400 ಎಂಬ ಐಬಿಎಂನ ದೊಡ್ಡ ಕಂಪ್ಯೂಟರುಗಳ ಟರ್ಮಿನಲ್ಲುಗಳ ಜೊತೆ ಬರುತ್ತಿದ್ದ 122 ಕೀಲಿಗಳ ಮಾಡೆಲ್ ಎಂ ಮಣೆಗಳನ್ನು ಹುಡುಕಿ. ಅವುಗಳನ್ನು ಸಾಮಾನ್ಯ ಕಂಪ್ಯೂಟರಿಗೆ ಹಾಗೆಯೇ ಜೋಡಿಸಲು ಬರುವುದಿಲ್ಲವಾದ್ದರಿಂದ ಬೇಡಿಕೆ ಕಡಿಮೆ. ಅವುಗಳಲ್ಲಿಯೂ ಮೆಂಬ್ರೇನ್ ಹಾಳೆ ಸತ್ತಿರುವುದನ್ನು ಆರಿಸಿದರೆ ಯಾರಿಗೂ ನಷ್ಟವಿಲ್ಲ.

ನಮ್ಮಲ್ಲಿ ಈ ಮಣೆಗಳು ಏಕೆ ವಿರಳ ಎಂಬುದಕ್ಕೂ ಕಾರಣವಿದೆ. ಐಬಿಎಂ 1978ರಲ್ಲಿ ಭಾರತದಿಂದ ಹೊರಟುಹೋಯಿತು. ಟಾಟಾದವರ ಜೊತೆಗೂಡಿ ಮತ್ತೆ ಬಂದು ಬೆಂಗಳೂರಿನಲ್ಲಿ ನೆಲೆಯೂರಿದ್ದು 1992ರಲ್ಲಿ. ಮಾಡೆಲ್ ಎಂ ತಯಾರಾಗುತ್ತಿದ್ದ ಎಂಬತ್ತರ ದಶಕದ ಕೊನೆಯ ವರ್ಷಗಳು ಈ ಎರಡರ ನಡುವೆ ಬೀಳುತ್ತವೆ. ಆಗ ಇಲ್ಲಿಗೆ ಬಂದವು ಆಮದಾದ ಯಂತ್ರಗಳ ಜೊತೆ ಬಂದ ಕೆಲವೇ ಕೆಲವು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಯಲ್ಲಿ ಹಿಂದೆ ಗುಜರಿ ರಾಶಿಯಲ್ಲಿ ಕೈಯಾಡಿಸಿದರೆ ಒಂದೊಂದು ಸಿಗುತ್ತಿತ್ತು. ಇ-ತ್ಯಾಜ್ಯದ ನಿಯಮಗಳು ಬಂದ ಮೇಲೆ ದೊಡ್ಡ ಕಚೇರಿಗಳು ಹಳೆಯ ಸಾಮಾನನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕಾಗಿರುವುದರಿಂದ ಆ ರಾಶಿಯೂ ಕರಗಿದೆ. ಪರಿಸರಕ್ಕೆ ಅದು ಒಳ್ಳೆಯದೇ, ನಮ್ಮಂತಹ ಹುಡುಕಾಟದವರಿಗೆ ಮಾತ್ರ ಸ್ವಲ್ಪ ಬೇಸರ.

ಗುಜರಿಯಲ್ಲಿ ಐಬಿಎಂ ಎಂಬ ಗುರುತು ಕಂಡ ಮಾತ್ರಕ್ಕೆ ಹಣ ಕೊಡಬೇಡಿ. ಅದೇ ಗುರುತಿನ ರಬ್ಬರ್ ಗುಮ್ಮಟದ ಕೀಬೋರ್ಡುಗಳೂ ಬಂದಿವೆ. ಒಂದು ಕೀಲಿಯನ್ನು ಮೇಲಕ್ಕೆಳೆದು ಇಣುಕಿ. ಸುರುಳಿ ಸ್ಪ್ರಿಂಗ್ ಕಂಡರೆ ಸರಿ, ರಬ್ಬರ್ ಕಂಡರೆ ಬಿಟ್ಟುಬಿಡಿ.

ಮಂಗಳೂರು_ಟೈಪಿಸ್ಟ್:

ನಡೆಯುವ ಯಂತ್ರವನ್ನು ಕೀಳಬೇಕೆಂದು ನಾನು ಹೇಳಲಿಲ್ಲ, ಕೆಟ್ಟು ಕೂತಿರುವುದನ್ನು ಎಂದೇ ಬರೆದಿದ್ದೇನೆ. ಅಕ್ಷರಚಕ್ರವೂ ರಿಬ್ಬನ್ನೂ ಸಿಗದೆ ನಿಂತುಹೋದ ಯಂತ್ರಕ್ಕೆ ಯಾರೂ ಮರುಜೀವ ಕೊಡಲು ಬರುವುದಿಲ್ಲವೆಂದಾದರೆ, ಅದರ ಕೀಲಿಯಾದರೂ ಇನ್ನೊಂದು ಕಡೆ ದುಡಿಯುವುದರಲ್ಲಿ ತಪ್ಪೇನಿದೆ ಎಂಬುದು ನನ್ನ ಪ್ರಶ್ನೆ.

ನಿವೃತ್ತ_ಸರ್ವಿಸ್_ಇಂಜಿನಿಯರ್:

ಕೆಟ್ಟಿದೆ ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ನಮ್ಮಿಬ್ಬರ ಭಿನ್ನಾಭಿಪ್ರಾಯವಿದೆ. ಅದು ಇರಲಿ.

ಪೀಣ್ಯ_ಮೋಲ್ಡರ್:

ಜಾಲತಾಣಗಳಲ್ಲಿ ಹಳೆಯ ಐಬಿಎಂ ಕೀಲಿಯೆಂದು ಹೇಳಿ ಬೇರೆ ಪ್ಲಾಸ್ಟಿಕ್ಕಿನ ಕೀಲಿಗಳನ್ನು ಮಾರುವವರೂ ಇರುತ್ತಾರಾದ್ದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ತಿಳಿಸುತ್ತೇನೆ. ಒಂದು ಲೋಟ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವವರೆಗೆ ಉಪ್ಪು ಹಾಕಿ ಕಲಕಿ. ಆ ನೀರಿನ ಸಾಂದ್ರತೆ ಸುಮಾರು 1.2ಕ್ಕೆ ಏರುತ್ತದೆ. ಎಬಿಎಸ್‌ನ ಸಾಂದ್ರತೆ 1.05ರ ಆಸುಪಾಸು, ಪಿಬಿಟಿಯದು 1.31. ಆದ್ದರಿಂದ ಎಬಿಎಸ್ ಕೀಲಿ ಆ ಉಪ್ಪುನೀರಿನಲ್ಲಿ ತೇಲುತ್ತದೆ, ಪಿಬಿಟಿ ಕೀಲಿ ಮುಳುಗುತ್ತದೆ. ಸಾದಾ ನೀರಿನಲ್ಲಿ ಎರಡೂ ಮುಳುಗುವುದರಿಂದ ಉಪ್ಪನ್ನು ಧಾರಾಳವಾಗಿ ಹಾಕಬೇಕು. ಕೀಲಿಯ ಹೊಟ್ಟೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಫಲಿತಾಂಶ ತಪ್ಪಾಗುತ್ತದೆ, ನೀರಿನೊಳಗೇ ಒಮ್ಮೆ ಅಲುಗಿಸಿ ಬಿಡಿ. ಪರೀಕ್ಷೆಯ ನಂತರ ಕೀಲಿಯನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸದೆ ಮಣೆಗೆ ಹಾಕಬೇಡಿ. ತೇವ ಸ್ಪ್ರಿಂಗಿಗೆ ತುಕ್ಕು ತರುತ್ತದೆ, ಮೆಂಬ್ರೇನ್ ಹಾಳೆಗಳ ನಡುವೆ ಇಳಿದರೆ ಇಡೀ ಮಣೆಯೇ ಕೈಕೊಡುತ್ತದೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಸಿನ್ಸಿನಾಟಿಯ ಮಿತ್ರರ ಸಹಾಯವನ್ನು ಸಂತೋಷದಿಂದ ಸ್ವೀಕರಿಸುತ್ತೇನೆ, ಖಾಸಗಿಯಾಗಿ ಬರೆದಿದ್ದೇನೆ. ಕೀಲಿಗಳು ಬರುವವರೆಗೆ ಜೆ ಅಕ್ಷರಕ್ಕೆ ಏನಾದರೂ ತಾತ್ಕಾಲಿಕ ವ್ಯವಸ್ಥೆ ಮಾಡಬಹುದೇ? ಬೇರೆ ಸಾಲಿನ ಕ್ಯಾಪ್ ತಂದು ಹಾಕಿದರೆ ಎತ್ತರ ಹೊಂದಲಾರದೆಂದು ಅನುಮಾನವಿದೆ. ಹಾಗೆಯೇ ಶಿಫ್ಟ್ ಜಾಗದ ಬಾಗಿದ ಸ್ಪ್ರಿಂಗಿಗೆ ಏನು ಮಾಡಬೇಕು?

ನಿವೃತ್ತ_ಸರ್ವಿಸ್_ಇಂಜಿನಿಯರ್:

ಮೊದಲನೆಯ ಅನುಮಾನವನ್ನು ಬಿಟ್ಟುಬಿಡಿ. ಇತರ ಕೀಬೋರ್ಡುಗಳಲ್ಲಿ ಸ್ವಿಚ್ಚುಗಳು ಚಪ್ಪಟೆ ಹಲಗೆಯ ಮೇಲಿರುವುದರಿಂದ ಬೆರಳಿಗೆ ಬೇಕಾದ ಇಳಿಜಾರನ್ನು ಕೀಲಿಗಳ ಆಕಾರದಲ್ಲೇ ತರಬೇಕಾಗುತ್ತದೆ, ಅಲ್ಲಿ ಪ್ರತಿ ಸಾಲಿನ ಕೀಲಿಗೂ ಬೇರೆ ಬೇರೆ ಎತ್ತರ. ಮಾಡೆಲ್ ಎಂನಲ್ಲಿ ತಳದ ಉಕ್ಕಿನ ತಗಡೇ ಬಾಗಿದೆ. ಒಂದೇ ಅಗಲದ ಕೀಲಿಗಳೆಲ್ಲ ಒಂದೇ ಆಕಾರದವು. ಯಾವ ಸಾಲಿನ ಕ್ಯಾಪನ್ನು ಯಾವ ಸಾಲಿಗೆ ಹಾಕಿದರೂ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸದ್ಯಕ್ಕೆ ಬಳಕೆಯಿಲ್ಲದ ಪಾಸ್ (Pause) ಕೀಲಿಯ ಕ್ಯಾಪನ್ನು ಎಫ್7ಕ್ಕೂ, ಎಫ್12ರ ಬಿಳಿ ಕ್ಯಾಪನ್ನು ಜೆ ಜಾಗಕ್ಕೂ ಹಾಕಿಕೊಳ್ಳಿ. ಕ್ಯಾಪನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಸಾಕು, ಸ್ಕ್ರೂ ಡ್ರೈವರಿನಿಂದ ಮೀಟಬೇಡಿ.

ಸ್ಪ್ರಿಂಗಿನ ವಿಷಯ ಸೂಕ್ಷ್ಮವಾದದ್ದು. ಸಣ್ಣ ಚಿಮುಟದಿಂದ ತುದಿಯ ಸುತ್ತುಗಳನ್ನು ಮಾತ್ರ ಹಿಡಿದು ನಿಧಾನವಾಗಿ ನೆಟ್ಟಗೆ ಮಾಡಿ. ಮೇಲಕ್ಕೆ ಎಳೆಯಬೇಡಿ. ಎಳೆದು ಉದ್ದವಾದ ಸ್ಪ್ರಿಂಗ್ ಸರಿಯಾದ ಹಂತದಲ್ಲಿ ಬಾಗುವುದಿಲ್ಲ, ಅದರ ಬುಡ ಕೆಳಗಿನ ತುಂಡಿನಿಂದ ಕಳಚಿಕೊಳ್ಳಲೂಬಹುದು. ನೆಟ್ಟಗಾಗದಿದ್ದರೆ ಸ್ಪ್ರಿಂಗ್ ಬದಲಿಸಬೇಕು, ಅದಕ್ಕೆ ಮಣೆಯ ಒಳಭಾಗವನ್ನು ಪೂರ್ತಿ ಬಿಚ್ಚಬೇಕು. ಹೊರಕವಚಕ್ಕೆ ಇರುವುದು ಆಳದಲ್ಲಿ ಕೂತ ನಾಲ್ಕು ಬೋಲ್ಟುಗಳು, 5.5 ಮಿಲಿಮೀಟರಿನ ತೆಳ್ಳನೆಯ ಗೋಡೆಯ ನಟ್ ಡ್ರೈವರ್ ಬೇಕಾಗುತ್ತದೆ. ಒಳಗಿನ ಕೊಳವೆಗಳ ಫಲಕವನ್ನೂ ಉಕ್ಕಿನ ತಗಡನ್ನೂ ಹಿಡಿದಿಟ್ಟಿರುವುದು ಪ್ಲಾಸ್ಟಿಕ್ ರಿವೆಟ್ಟುಗಳು. ಅವುಗಳನ್ನು ಕತ್ತರಿಸಿದರೆ ಮತ್ತೆ ಕೂಡಿಸಲು ಪ್ರತಿಯೊಂದರ ಜಾಗದಲ್ಲೂ ತೂತು ಕೊರೆದು 2 ಮಿಲಿಮೀಟರಿನ ಸಣ್ಣ ಬೋಲ್ಟುಗಳನ್ನು ಹಾಕಬೇಕು. ಇದೊಂದು ಪ್ರತ್ಯೇಕ ಯಜ್ಞ. ಮಣೆಯನ್ನು ವಾಲಿಸಿದಾಗ ಒಳಗೆ ಚೂರುಗಳು ಉರುಳುವ ಸದ್ದು ಬಂದರೆ ಕೆಲವು ರಿವೆಟ್ಟುಗಳು ಆಗಲೇ ಮುರಿದಿವೆ ಎಂದರ್ಥ, ಆಗ ಹೇಗೂ ಬಿಚ್ಚಬೇಕಾಗುವುದರಿಂದ ಸ್ಪ್ರಿಂಗನ್ನೂ ಅದೇ ವೇಳೆ ಬದಲಿಸಿಕೊಳ್ಳಬಹುದು.

ಇನ್ನೊಂದು ಮುಖ್ಯವಾದ ವಿಷಯವನ್ನು ಯಾರೂ ಎತ್ತಿಲ್ಲ. ಶಿಫ್ಟ್‌ನಂತಹ ಉದ್ದದ ಕೀಲಿಗೆ ಕೆಳಗೆ ಎರಡು ಕಾಲುಗಳಿರುತ್ತವೆ. ಒಂದು ಸ್ಪ್ರಿಂಗ್ ಇರುವ ಕೊಳವೆಗೆ ಇಳಿಯುತ್ತದೆ, ಇನ್ನೊಂದು ಪಕ್ಕದ ಖಾಲಿ ಕೊಳವೆಗೆ. ಆ ಖಾಲಿ ಕೊಳವೆಯೊಳಗೆ ಎರಡನೆಯ ಕಾಲನ್ನು ಅಲುಗದಂತೆ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಒಳತುಂಡು ಇರಬೇಕು. ಕೀಲಿ ಕಳೆದುಹೋದಾಗ ಎಷ್ಟೋ ಸಲ ಅದೂ ಜೊತೆಗೆ ಹೋಗಿರುತ್ತದೆ. ಅದಿಲ್ಲದೆ ಶಿಫ್ಟ್ ಹಾಕಿದರೆ ತುದಿಯಲ್ಲಿ ಒತ್ತಿದಾಗ ಕೀಲಿ ವಾಲಿ ಸಿಕ್ಕಿಕೊಳ್ಳುತ್ತದೆ. ಟಾರ್ಚ್ ಹಾಕಿ ನೋಡಿ, ಇಲ್ಲದಿದ್ದರೆ ಬೇಡಿಕೆಯಲ್ಲಿ ಅದನ್ನೂ ಸೇರಿಸಿ.

ತುಂಗಾತೀರ:

ಸರ್, ನೋಡಿದೆ. ಒಳತುಂಡು ಇಲ್ಲ. ಸಿನ್ಸಿನಾಟಿಯವರಿಗೆ ತಿಳಿಸಿದ್ದೇನೆ. ಮಣೆಯನ್ನು ವಾಲಿಸಿದರೆ ಯಾವ ಸದ್ದೂ ಬರುತ್ತಿಲ್ಲ.

ಸಿನ್ಸಿನಾಟಿ_ಕನ್ನಡಿಗ:

ಒಳತುಂಡನ್ನೂ ಸೇರಿಸಿ ಬೇಡಿಕೆ ಕಳುಹಿಸಿದ್ದೇನೆ. ಅಂತಹ ಸಣ್ಣ ವಸ್ತು ಕೈಜಾರಿ ಕಳೆಯುವುದು ಸುಲಭವಾದ್ದರಿಂದ ಒಂದನ್ನು ಹೆಚ್ಚಾಗಿಯೇ ಕೇಳಿದ್ದೇನೆ.

ತುಂಗಾತೀರ:

ಪೊಟ್ಟಣ ಕೈಸೇರಿತು, ಹಿರಿಯರು ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಜೋಡಿಸಿದೆ. ಮುಂದೆ ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತೇನೆ.

ಜೆ ಮತ್ತು ಎಫ್7 ಕ್ಯಾಪ್‌ಗಳು ಬೋಳು ಸ್ಟೆಮ್‌ಗಳ ಮೇಲೆ ಒತ್ತಿದ ಕೂಡಲೇ ಕೂತವು. ಎಂಟರ್‌ಗೆ ಮಣೆಯನ್ನು ಮೇಜಿನ ಮೇಲೆ ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಸ್ಪ್ರಿಂಗ್ ಕೊಳವೆಯ ನಡುವಿನಲ್ಲಿದೆಯೇ ಎಂದು ನೋಡಿಕೊಂಡು ಕೀಲಿಯನ್ನು ನಿಧಾನವಾಗಿ ಒಳಗೆ ತಳ್ಳಿದೆ. ಒತ್ತಿದಾಗ ಇತರ ಕೀಲಿಗಳಷ್ಟೇ ಖಚಿತವಾದ ಸದ್ದು ಬಂದರೆ ಸ್ಪ್ರಿಂಗ್ ಸರಿಯಾದ ಜಾಗದಲ್ಲಿ ಕೂತಿದೆ ಎಂದರ್ಥ. ಸದ್ದಿಲ್ಲದೆ ಮೆತ್ತಗೆ ಇಳಿದರೆ ಕೀಲಿಯನ್ನು ತೆಗೆದು ಮತ್ತೆ ಕೂರಿಸಬೇಕು. ಶಿಫ್ಟ್‌ಗೆ ಮೊದಲು ಒಳತುಂಡನ್ನು ಖಾಲಿ ಕೊಳವೆಗೆ ಇಳಿಸಿ ಆಮೇಲೆ ಕೀಲಿಯನ್ನು ಹಾಕಿದೆ. ಚಿಮುಟದಿಂದ ನೆಟ್ಟಗೆ ಮಾಡಿದ ಸ್ಪ್ರಿಂಗ್ ಕೆಲಸ ಮಾಡುತ್ತಿದೆ, ಪಕ್ಕದ ಕೀಲಿಗಳಿಗಿಂತ ಅದರ ಸದ್ದು ಸ್ವಲ್ಪ ಮಂದವಾಗಿದೆ. ಅದಕ್ಕಾಗಿ ರಿವೆಟ್ಟುಗಳನ್ನು ಕತ್ತರಿಸುವ ಮನಸ್ಸು ನನಗಿಲ್ಲ.

ಬಣ್ಣದ ವಿಷಯದಲ್ಲಿ ಎಂಟರ್ ಮತ್ತು ಶಿಫ್ಟ್‌ಗಳ ಬೂದು ಅಷ್ಟೇನೂ ಎದ್ದು ಕಾಣುವುದಿಲ್ಲ. ಜೆ ಮಾತ್ರ ಹಗಲಿನ ಬೆಳಕಿನಲ್ಲಿ ಪಕ್ಕದ ಎಚ್ ಮತ್ತು ಕೆ ಅಕ್ಷರಗಳಿಗಿಂತ ತುಸು ಬೆಳ್ಳಗೆ ತೋರುತ್ತದೆ. ಹಳೆಯವನ್ನೆಲ್ಲ ಸಾಬೂನು ನೀರಿನಲ್ಲಿ ತೊಳೆದ ಮೇಲೆ ಆ ಅಂತರ ಅರ್ಧಕ್ಕರ್ಧ ಇಳಿಯಿತು. ಉಳಿದದ್ದು ಪ್ಲಾಸ್ಟಿಕ್ಕಿನದೇ ವ್ಯತ್ಯಾಸವಿರಬೇಕು.

ಮೇಕರ್_ಧಾರವಾಡ:

ಅಭಿನಂದನೆಗಳು. ಹೊಸ ಶಿಫ್ಟ್ ಕೀಲಿಯ ಎರಡನೆಯ ಕಾಲಿನ ಮತ್ತು ಆ ಒಳತುಂಡಿನ ಅಳತೆಗಳನ್ನು ಕ್ಯಾಲಿಪರಿನಲ್ಲಿ ತೆಗೆದು ಇಲ್ಲಿ ಹಾಕಲು ಸಾಧ್ಯವೇ? ಒಳತುಂಡಿಗೆ ಬಡಿತ ಬೀಳುವುದಿಲ್ಲ, ಅಕ್ಷರವೂ ಬೇಕಿಲ್ಲ. ಅದನ್ನಾದರೂ ನೈಲಾನಿನಲ್ಲಿ ಮುದ್ರಿಸಬಹುದೆಂದು ಪೀಣ್ಯದವರೂ ಒಪ್ಪುತ್ತಾರೆಂದು ನಂಬಿದ್ದೇನೆ.

ಪೀಣ್ಯ_ಮೋಲ್ಡರ್:

ಒಳತುಂಡಿಗೆ ನನ್ನ ತಕರಾರಿಲ್ಲ. ಒಳಗಿನ ತೂತನ್ನು ಮುದ್ರಿಸಿದ ಮೇಲೆ ಒಮ್ಮೆ ರೀಮರ್ ಹಾಕಿ ನಯ ಮಾಡಿಕೊಳ್ಳಿ.

ತುಂಗಾತೀರ:

ಹೆಚ್ಚಾಗಿ ಬಂದ ಒಳತುಂಡು ನನ್ನ ಬಳಿ ಹಾಗೆಯೇ ಇದೆ. ನನ್ನಲ್ಲಿ ಕ್ಯಾಲಿಪರ್ ಇಲ್ಲ. ಧಾರವಾಡದವರು ವಿಳಾಸವನ್ನು ಖಾಸಗಿಯಾಗಿ ಕಳುಹಿಸಿದರೆ ನಾಳೆಯ ಅಂಚೆಯಲ್ಲಿ ಅದನ್ನೇ ಕಳುಹಿಸಿಕೊಡುತ್ತೇನೆ, ಅಳತೆ ತೆಗೆದ ಮೇಲೆ ಅದು ಬೇಕಾದ ಇನ್ನೊಬ್ಬ ಸದಸ್ಯರಿಗೆ ದಾಟಿಸಿದರೆ ಸಾಕು.